ಏಳನೇ ಪಾಠ

"ಅಕ್ಕಾ, ನೀವು ಓದೋವಾಗ ಕೋಣೆಯಾಗೆ ಒಂದು ಜೇನುಹುಳ ಇರ್ತತಲ್ಲ,
ಅದು ಕಡಿಯಂಗಿಲ್ಲೇನು?"
ಫೋನಿನಲ್ಲಿ ತಿಪ್ಪೇಶ. ಅಂಧರ ಶಾಲೆ, ಒಂಬತ್ತನೇ ಕ್ಲಾಸು.
ಅಷ್ಟೊತ್ತಿಗೆ ಆರು ಪಾಠ ಓದಿ ಕಳಿಸಿದ್ದೆ.
ಹಾಕಿಕೊಂಡು ಕೇಳಿದೆ. ಹೌದು,
ಮೌರ್ಯರ ಹಿಂದೆ, ಗುಪ್ತರ ಹಿಂದೆ,
ಪ್ರತಿ ಪೂರ್ಣವಿರಾಮದ ಗುಳಿಯೊಳಗೆ
ಗುಂಯ್ ಅನ್ನುತ್ತ ನನ್ನ ಕಂಪ್ಯೂಟರಿನ ಫ್ಯಾನು.

ದಾವಣಗೆರೆಯ ಮೇ ತಿಂಗಳು.
ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬಿಸಿನೀರು, ಪುಕ್ಕಟೆ.
ಫ್ಯಾನು ಕಿತ್ತರೆ ಹತ್ತು ನಿಮಿಷಕ್ಕೆ ಪರದೆ ಕಪ್ಪು.
ಹಾಕಿದರೆ ಹುಳ.

ಪಿ.ಬಿ. ರೋಡಿನಲ್ಲಿ ಲಾರಿ ರೇಡಿಯೇಟರ್ ಬೆಸೆಯುವ ದಸ್ತಗೀರ್ ಸಾಬರು
ಪೆಟ್ಟಿಗೆಯ ಬಾಗಿಲು ತೆಗೆದು ಬಹಳ ಹೊತ್ತು ನೋಡಿದರು,
ಹಲ್ಲಿನ ಡಾಕ್ಟರರ ಹಾಗೆ.
"ಈ ಬಿಸ್ಕತ್ತಿನಷ್ಟು ಬಿಲ್ಲೆ ಇಂಜಿನ್ನಿನಂಗೆ ಕಾಯ್ತದಾ?"
ಪಂಪು ಹಾಕಿದರೆ, ಅಂದೆ.
"ಪಂಪೂ ಗುಂಯ್ ಅಂತದಲ್ಲಮ್ಮ.
ಹಳೇ ಕಾಲದ ಕಾರಿಗೆ ಪಂಪೆಲ್ಲಿತ್ತು?
ಕಾದ ನೀರು ಮೇಲಕ್ಕೆ ಹೋಗ್ತದೆ. ಆರಿದ್ದು ಇಳೀತದೆ.
ನೀನು ದಾರಿ ಬಿಡು. ಬಾಕಿ ಅದೇ ನೋಡ್ಕೊಳ್ತದೆ."

ತಾಮ್ರದ ಚಪ್ಪಟೆ ಡಬ್ಬಿ, ಅಂಗೈಗಿಂತ ಚಿಕ್ಕದು.
ಹೆಬ್ಬೆರಳು ತೂರುವಷ್ಟು ಅಗಲದ ಪಾರದರ್ಶಕ ಪೈಪು, ಎರಡು.
ಗೋಡೆಯ ಮೇಲೆ, ಅತ್ತೆಯ ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿ,
ಗುಜರಿಯ ಅಂಬಾಸಿಡರಿನ ರೇಡಿಯೇಟರು.
ಬೋರಿನ ನೀರು ಸುಣ್ಣ ಕಟ್ಟುತ್ತದೆಂದು
ಬ್ಯಾಟರಿ ಅಂಗಡಿಯಿಂದ ಐದು ಲೀಟರು ತಂದೆ.

ಮೊದಲ ರಾತ್ರಿ ಮೂವತ್ತೊಂದು ನಿಮಿಷ ಬದುಕಿತು.
ಕೆಳಗೆ ಡಬ್ಬಿ ಸುಡುತ್ತಿದೆ, ಮೇಲೆ ರೇಡಿಯೇಟರು ತಣ್ಣಗಿದೆ,
ಮಾತು ಬಿಟ್ಟ ಬೀಗರ ಹಾಗೆ.
ಪೈಪಿನ ತಿರುವಿನಲ್ಲಿ ನೆಲ್ಲಿಕಾಯಿ ಗಾತ್ರದ ಗಾಳಿ
ಅಡ್ಡ ಕೂತಿತ್ತು.
"ಏರು ಅಂದ್ರೆ ಪೂರಾ ಏರೇ ಇರಬೇಕು, ನಡುವೆ ಡುಬ್ಬ ಬಾರ್ದು,"
ಸಾಬರು ಫೋನಿನಲ್ಲೇ ಬೈದು, ತಿದ್ದಿಸಿದರು.

ಆಮೇಲೆ, ನಂಬಲಿಕ್ಕೆಂದು, ಸಿರಿಂಜಿನಿಂದ ಒಂದು ಹನಿ ನೀಲಿ ಶಾಯಿ.
ನಿಂತಿತು.
ನಿಂತೇ ಇತ್ತು.
ಎಳೆಯಾಯಿತು, ಅದಕ್ಕೊಂದು ಬಾಲ ಬಂತು,
ಯಾರೂ ತಳ್ಳದೆ, ಯಾರೂ ಕರೆಯದೆ
ಏರತೊಡಗಿತು.

"ಬಿಸಿ ಮೇಲಕ್ಕೆ ಹೋಗ್ತತಿ ಅಂತ ತಿಳಿಯಾಕೆ ಇಷ್ಟು ದುಡ್ಡಾ?"
ಎಂದ ಅತ್ತೆ, ರಾತ್ರಿ ನಾನು ಊಟಕ್ಕೆದ್ದಾಗ,
ಜ್ವರದ ಮಗುವಿನ ಹಣೆಗೆ ಹಾಕುವಂತೆ
ರೇಡಿಯೇಟರಿಗೆ ಒದ್ದೆ ಪಂಜಿ ಹೊದಿಸಿದ್ದರು.
ನಾಲ್ಕು ಡಿಗ್ರಿ ಇಳಿದಿತ್ತು.
ಸಾಬರಿಗೆ ಇದನ್ನು ಹೇಳಿಲ್ಲ.

ಏಳನೇ ಪಾಠ. ಮೈಕು ಹಚ್ಚಿದೆ.
ಕೋಣೆಯಲ್ಲಿ ಇಷ್ಟೊಂದು ಜಾಗವಿತ್ತೇ?
ನನ್ನ ಎಂಜಲು ನುಂಗಿದ ಸದ್ದು. ಹಾಳೆಯ ಅಂಚು.
'ಸ' ಬಂದಾಗೆಲ್ಲ ಮುರಿದ ಹಲ್ಲಿನ ಸಂದಿಯಿಂದ ಸಣ್ಣ ಸಿಳ್ಳು,
ಮೂವತ್ತೆಂಟು ವರ್ಷಕ್ಕೆ ಇವತ್ತೇ ಕೇಳಿದ್ದು.
ನಾಚಿಕೆಯಾಗಿ ಎರಡು ಸಲ ನಿಲ್ಲಿಸಿ, ಮತ್ತೆ ಓದಿ, ಕಳಿಸಿದೆ.

ಮೂರು ದಿನ ಬಿಟ್ಟು ಫೋನು.
"ಅಕ್ಕಾ, ಹುಳ ಸತ್ತೋತಾ?"
ಹೋಯ್ತಪ್ಪ, ಅಂದೆ, ಸ್ವಲ್ಪ ಜಂಬದಲ್ಲಿ.
ಅತ್ತ ಕಡೆ ಸುಮ್ಮನಿದ್ದ.
"ಅಲ್ಲ, ಅದಿದ್ರೆ ನೀವಿನ್ನೂ ಕುಂತೀರಿ ಅಂತ ಗೊತ್ತಾಗ್ತಿತ್ತು.
ಈಗ ನೀವು ಉಸುರು ತಗಳ್ಳಾಕೆ ನಿಂತ್ರೆ
ಎದ್ದು ಹೋದ್ರೇನೋ ಅನ್ನಿಸ್ತತಿ."

ಫ್ಯಾನು ಮೇಜಿನ ಖಾನೆಯಲ್ಲಿದೆ, ನಾಲ್ಕು ತಿರುಪಿನ ಕೆಲಸ.
ತೆಗೆದೆ. ಧೂಳು ಒರೆಸಿದೆ. ಮತ್ತೆ ಇಟ್ಟೆ.

ಎಂಟನೇ ಪಾಠ: ಹರ್ಷವರ್ಧನ.
ಪ್ಯಾರಾ ಮುಗಿದಲ್ಲಿ ಕೈ ಚಾಚಿ
ತೆರೆದ ಪೆಟ್ಟಿಗೆಯ ತಾಮ್ರಕ್ಕೆ ಉಗುರಿನಿಂದ ಒಮ್ಮೆ,
ಮೆಲ್ಲಗೆ, ಟಿಣ್.
ಬೆರಳಿಗೆ ಬಿಸಿ ತಾಗಿತು.
ಅವನಿಗದು ಏನಂತ ಕೇಳಿಸಿತೋ, ಇನ್ನೂ ಫೋನು ಬಂದಿಲ್ಲ.
ಗೋಡೆಯ ಮೇಲೆ ಪಂಜಿ
ಆಗಲೇ ಅರ್ಧ ಒಣಗಿತ್ತು.